ವೈ.ಎಂ.ಸಿ.ಎ. ಕಾರ್ಯದರ್ಶಿ

ವೈ.ಎಂ.ಸಿ.ಎ. ಕಾರ್ಯದರ್ಶಿ ಎಂಬುದು ಯಂಗ್ ಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್ ಎಂಬ ಕ್ರೈಸ್ತ ಯುವಜನ ಸಂಸ್ಥೆಯ ದೈನಂದಿನ ಕಾರ್ಯನಿರ್ವಹಣೆಯ ಹೊಣೆ ಹೊತ್ತ, ಸಂಬಳ ಪಡೆಯುವ ಪೂರ್ಣಾವಧಿ ಅಧಿಕಾರಿಯ ಹುದ್ದೆ. ಸ್ಥಳೀಯ ಸಂಘದ ಮುಖ್ಯ ಅಧಿಕಾರಿಯನ್ನು ಸಾಮಾನ್ಯವಾಗಿ ಪ್ರಧಾನ ಕಾರ್ಯದರ್ಶಿ ಎನ್ನುತ್ತಾರೆ. ಅವರ ಕೈಕೆಳಗೆ ದೈಹಿಕ ಶಿಕ್ಷಣ, ಬಾಲಕರ ವಿಭಾಗ, ವಸತಿನಿಲಯ ಮೊದಲಾದವುಗಳಿಗೆ ಪ್ರತ್ಯೇಕ ಕಾರ್ಯದರ್ಶಿಗಳು ಇರಬಹುದು. ಸಣ್ಣ ಸಂಘಗಳಲ್ಲಿ ಈ ಎಲ್ಲ ಕೆಲಸಗಳೂ ಒಬ್ಬರ ಪಾಲಿಗೇ ಬರುವುದುಂಟು.

ಈ ಸಂಸ್ಥೆ ಚರ್ಚಿನ ಅಂಗವಲ್ಲ. ಅದನ್ನು ಸ್ಥಾಪಿಸಿದವರು ಪಾದ್ರಿಗಳಲ್ಲದ ಸಾಮಾನ್ಯ ವಿಶ್ವಾಸಿಗಳು. ಆದ್ದರಿಂದ ಅದರ ನಾಯಕತ್ವವು ಆರಂಭದಿಂದಲೂ ಎರಡು ಭಾಗಗಳಾಗಿ ಬೆಳೆಯಿತು. ನಿರ್ಧಾರ ಕೈಗೊಳ್ಳುವ ಅಧಿಕಾರ ಸಂಬಳವಿಲ್ಲದ ಚುನಾಯಿತ ಆಡಳಿತ ಮಂಡಳಿಯಲ್ಲಿ ಉಳಿಯಿತು. ಆ ನಿರ್ಧಾರಗಳನ್ನು ನಡೆಸಿಕೊಡುವ ಕೆಲಸ ಸಂಬಳ ಪಡೆಯುವ ಕಾರ್ಯದರ್ಶಿಯ ಕೈಗೆ ಬಂದಿತು. ನಿಯಮದ ಪ್ರಕಾರ ಮಂಡಳಿಗೆ ಅಧೀನನಾದ ಕಾರ್ಯದರ್ಶಿಯೇ ವ್ಯವಹಾರದಲ್ಲಿ ಸಂಘದ ಆಧಾರಸ್ತಂಭವಾಗುವುದು ಈ ವ್ಯವಸ್ಥೆಯ ಮುಖ್ಯ ಲಕ್ಷಣ. ಅದರ ಶಕ್ತಿಯೂ ದೌರ್ಬಲ್ಯವೂ ಇದರಲ್ಲಿಯೇ ಅಡಗಿವೆ.

ಹಿನ್ನೆಲೆ

1844ರ ಜೂನ್ 6ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್‌ಯಾರ್ಡ್ ಪ್ರದೇಶದಲ್ಲಿದ್ದ ಹಿಚ್‌ಕಾಕ್ ಅಂಡ್ ರೋಜರ್ಸ್ ಎಂಬ ಜವಳಿ ಮಳಿಗೆಯಲ್ಲಿ ಹನ್ನೆರಡು ಮಂದಿ ಯುವಕರು ಸೇರಿ ಈ ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಪ್ರಮುಖರಾದ ಜಾರ್ಜ್ ವಿಲಿಯಮ್ಸ್ (1821–1905) ಸಾಮರ್ಸೆಟ್ ಜಿಲ್ಲೆಯ ಡಲ್ವರ್ಟನ್‌ನಿಂದ ಬಂದು ಆ ಮಳಿಗೆಯಲ್ಲಿ ಕೆಲಸಕ್ಕಿದ್ದರು. ಆ ಕಾಲದ ಜವಳಿ ಅಂಗಡಿಗಳ ನೌಕರರು ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಕಾಲ ದುಡಿದು, ಅಂಗಡಿಯ ಮೇಲಂತಸ್ತಿನ ಇಕ್ಕಟ್ಟಾದ ಕೊಠಡಿಗಳಲ್ಲಿಯೇ ವಾಸಿಸುತ್ತಿದ್ದರು. ಪ್ರಾರ್ಥನೆ ಹಾಗೂ ಬೈಬಲ್ ಅಧ್ಯಯನದ ಮೂಲಕ ಇಂಥ ಯುವಕರಿಗೆ ಪರಸ್ಪರ ಆಸರೆ ಒದಗಿಸುವುದು ಸಂಘದ ಮೊದಲ ಉದ್ದೇಶವಾಗಿತ್ತು.

ಸ್ಥಾಪಕರು ಆಂಗ್ಲಿಕನ್, ಕಾಂಗ್ರಿಗೇಷನಲ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಎಂಬ ಬೇರೆ ಬೇರೆ ಸಭೆಗಳಿಗೆ ಸೇರಿದ್ದರು. ಯಾವುದೇ ಒಂದು ಸಭೆಯ ಪಾದ್ರಿಯನ್ನು ಮುಖ್ಯಸ್ಥರನ್ನಾಗಿ ಮಾಡಿದ್ದರೆ ಉಳಿದವರಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. ಪಾದ್ರಿಗಳಲ್ಲದವರ ಸಮಿತಿಯೇ ಆಡಳಿತ ನಡೆಸುವ ಪದ್ಧತಿ ಇದರಿಂದ ಬಲಗೊಂಡಿತು.

ಹುದ್ದೆಯ ಉಗಮ

ಸ್ಥಾಪಕರೆಲ್ಲರೂ ದುಡಿಯುವ ನೌಕರರಾದ್ದರಿಂದ ಸಂಘದ ಕೆಲಸಕ್ಕೆ ಅವರಿಗೆ ದೊರೆಯುತ್ತಿದ್ದುದು ಅಂಗಡಿ ಮುಚ್ಚಿದ ನಂತರದ ಸಮಯ ಮಾತ್ರ. ಇತರ ಮಳಿಗೆಗಳಿಗೆ ಹೋಗಿ ಯುವಕರನ್ನು ಭೇಟಿ ಮಾಡಲು, ಹೊಸ ಗುಂಪುಗಳನ್ನು ಕಟ್ಟಲು, ಪತ್ರವ್ಯವಹಾರ ನಡೆಸಲು ಹಗಲಿನಲ್ಲಿ ಬಿಡುವಿರುವ ಒಬ್ಬರು ಬೇಕಾಗಿದ್ದರು. 1845ರಲ್ಲಿ ಟಿ. ಎಚ್. ಟಾರ್ಲ್ಟನ್ ಅವರನ್ನು ಸಂಬಳದ ಮೇಲೆ ನೇಮಿಸಿಕೊಳ್ಳಲಾಯಿತು. ಸಂಘ ಹುಟ್ಟಿ ಒಂದು ವರ್ಷ ತುಂಬುವ ಮೊದಲೇ ಪೂರ್ಣಾವಧಿ ಸಿಬ್ಬಂದಿಯ ಅಗತ್ಯ ಕಂಡುಬಂದದ್ದು ಗಮನಾರ್ಹ.

ಜಾರ್ಜ್ ವಿಲಿಯಮ್ಸ್ ಸಂಬಳದ ಹುದ್ದೆಗೂ ಬರಲಿಲ್ಲ, ಬಹುಕಾಲ ಅಧ್ಯಕ್ಷರೂ ಆಗಲಿಲ್ಲ. ಅವರು ಜವಳಿ ವ್ಯಾಪಾರದಲ್ಲಿಯೇ ಮುಂದುವರಿದು, 1853ರಲ್ಲಿ ಮಾಲೀಕರ ಮಗಳು ಹೆಲೆನ್ ಹಿಚ್‌ಕಾಕ್ ಅವರನ್ನು ವಿವಾಹವಾದರು ಮತ್ತು ಕಾಲಕ್ರಮದಲ್ಲಿ ಸಂಸ್ಥೆಯ ಪಾಲುದಾರರಾದರು. ಯುವಜನ ಸಂಘದಲ್ಲಿ 1863ರಿಂದ ಖಜಾಂಚಿಯಾಗಿದ್ದರು. 1851ರಿಂದ 1885ರಲ್ಲಿ ತೀರಿಕೊಳ್ಳುವವರೆಗೆ ಅಧ್ಯಕ್ಷ ಸ್ಥಾನದಲ್ಲಿದ್ದವರು ಕಾರ್ಖಾನೆ ಸುಧಾರಣೆಗಳಿಗೆ ಹೆಸರಾದ ಶಾಫ್ಟ್ಸ್‌ಬರಿ ಪ್ರಭು. ಅವರ ನಂತರವೇ ವಿಲಿಯಮ್ಸ್ ಅಧ್ಯಕ್ಷರಾದರು. ಸಮಾಜದಲ್ಲಿ ಗೌರವವುಳ್ಳ ಅಧ್ಯಕ್ಷರು, ಹಣಕಾಸಿನ ಹೊಣೆ ಹೊತ್ತ ವ್ಯಾಪಾರಿ ಖಜಾಂಚಿ, ಸಂಬಳದ ಕಾರ್ಯದರ್ಶಿ ಎಂಬ ಮೂವರ ಈ ಮಾದರಿಯನ್ನು ಮುಂದೆ ಇತರ ನಗರಗಳ ಸಂಘಗಳೂ ಅನುಸರಿಸಿದವು.

ಕಾರ್ಯದರ್ಶಿಯ ಕೆಲಸವನ್ನು ಸಂಬಳವಿಲ್ಲದೆ ಮಾಡಿದವರೂ ಇದ್ದರು. 1852ರಲ್ಲಿ ಸ್ಥಾಪನೆಯಾದ ಜಿನೀವಾ ಸಂಘದ ಪತ್ರವ್ಯವಹಾರವನ್ನು ಆಗ ಇಪ್ಪತ್ತರ ಹರೆಯದಲ್ಲಿದ್ದ ಆನ್ರಿ ಡ್ಯುನಾಂಟ್ ನೋಡಿಕೊಳ್ಳುತ್ತಿದ್ದರು. ವಿವಿಧ ದೇಶಗಳ ಸಂಘಗಳು ಒಂದೆಡೆ ಸೇರಬೇಕೆಂದು ಅವರು ಪತ್ರಗಳ ಮೂಲಕ ಒತ್ತಾಯಿಸಿದರು. 1855ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ವಿಶ್ವ ಸಮ್ಮೇಳನಕ್ಕೆ ಈ ಪತ್ರಗಳು ದಾರಿ ಮಾಡಿಕೊಟ್ಟವು. ಇವರೇ ಮುಂದೆ ರೆಡ್ ಕ್ರಾಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿ, 1901ರ ಪ್ರಥಮ ನೊಬೆಲ್ ಶಾಂತಿ ಪಾರಿತೋಷಕವನ್ನು ಫ್ರೆಡರಿಕ್ ಪಾಸಿ ಅವರೊಂದಿಗೆ ಹಂಚಿಕೊಂಡರು.

ಅಮೆರಿಕದಲ್ಲಿ ವೃತ್ತಿಯಾಗಿ ಬೆಳವಣಿಗೆ

1851ರ ಕೊನೆಯಲ್ಲಿ ಕೆನಡಾದ ಮಾಂಟ್ರಿಯಲ್ ಮತ್ತು ಅಮೆರಿಕದ ಬಾಸ್ಟನ್ ನಗರಗಳಲ್ಲಿ ಸಂಘಗಳು ಆರಂಭವಾದವು. ಕಾರ್ಯದರ್ಶಿ ಹುದ್ದೆಯು ಸ್ವತಂತ್ರ ವೃತ್ತಿಯಾಗಿ ರೂಪುಗೊಂಡದ್ದು ಮುಖ್ಯವಾಗಿ ಅಮೆರಿಕದಲ್ಲಿ. ಐರ್ಲೆಂಡಿನಿಂದ ವಲಸೆ ಬಂದ ರಾಬರ್ಟ್ ಮ್ಯಾಕ್‌ಬರ್ನಿ 1862ರಲ್ಲಿ ನ್ಯೂಯಾರ್ಕ್ ಸಂಘದ ಕೆಲಸಕ್ಕೆ ಸೇರಿದರು. ವಾಚನಾಲಯ ಮತ್ತು ಕೊಠಡಿಗಳನ್ನು ನೋಡಿಕೊಳ್ಳುವುದರಿಂದ ಆರಂಭವಾದ ಅವರ ಕೆಲಸ ಇಡೀ ಸಂಘದ ನಿರ್ವಹಣೆಯಾಗಿ ಬೆಳೆಯಿತು. 1869ರಲ್ಲಿ 23ನೇ ಬೀದಿಯಲ್ಲಿ ವ್ಯಾಯಾಮಶಾಲೆ, ಗ್ರಂಥಾಲಯ, ತರಗತಿ ಕೋಣೆಗಳನ್ನು ಒಳಗೊಂಡ ಕಟ್ಟಡ ಸಿದ್ಧವಾಯಿತು. ಅವಿವಾಹಿತರಾಗಿದ್ದ ಮ್ಯಾಕ್‌ಬರ್ನಿ ಆ ಕಟ್ಟಡದ ಗೋಪುರದ ಕೋಣೆಯಲ್ಲಿಯೇ ದಶಕಗಳ ಕಾಲ ವಾಸಿಸಿದರು. 1898ರಲ್ಲಿ ನಿಧನರಾಗುವ ವೇಳೆಗೆ ಅವರು ಈ ವೃತ್ತಿಯ ಆದರ್ಶ ವ್ಯಕ್ತಿಯೆಂದು ಪರಿಗಣಿತರಾಗಿದ್ದರು.

ಈ ಆದರ್ಶದಲ್ಲಿ ಒಂದು ತೊಡಕೂ ಇತ್ತು. ಸಂಘದ ಕಟ್ಟಡವೇ ಮನೆಯಾಗಿ, ಸಂಘದ ಕೆಲಸವೇ ಬದುಕಾಗಿದ್ದ ವ್ಯಕ್ತಿಯನ್ನು ಮಾದರಿಯೆಂದು ಹಿಡಿದಾಗ, ಕುಟುಂಬವುಳ್ಳ ಸಾಮಾನ್ಯ ನೌಕರನಿಂದಲೂ ಅಷ್ಟೇ ಸಮಯವನ್ನು ನಿರೀಕ್ಷಿಸುವಂತಾಯಿತು. ಅಲ್ಪ ಸಂಬಳ, ಸಂಜೆ ಮತ್ತು ರಜಾದಿನಗಳ ಕೆಲಸ, ವೃದ್ಧಾಪ್ಯದ ಅಭದ್ರತೆಗಳು ಕಾರ್ಯದರ್ಶಿಗಳ ನಡುವೆ ಚರ್ಚೆಯ ವಿಷಯಗಳಾದವು. ಅಮೆರಿಕದ ಸಂಘಗಳು 1922ರಲ್ಲಿ ನಿವೃತ್ತಿ ನಿಧಿಯೊಂದನ್ನು ಜಾರಿಗೆ ತಂದವು.

ತರಬೇತಿ

ಕಾರ್ಯದರ್ಶಿಗಳ ಸಂಖ್ಯೆ ಹೆಚ್ಚಿದಂತೆ ತರಬೇತಿ ಶಾಲೆಗಳು ಹುಟ್ಟಿಕೊಂಡವು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1885ರಲ್ಲಿ ಆರಂಭವಾದ ಶಾಲೆ ಇವುಗಳಲ್ಲಿ ಪ್ರಸಿದ್ಧವಾದುದು. ಅದು ಇಂದು ಸ್ಪ್ರಿಂಗ್‌ಫೀಲ್ಡ್ ಕಾಲೇಜು ಎಂಬ ಹೆಸರಿನಲ್ಲಿದೆ. ಅಲ್ಲಿ ಪ್ರಧಾನ ಕಾರ್ಯದರ್ಶಿಗಳಿಗೂ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಪ್ರತ್ಯೇಕ ಪಾಠಕ್ರಮಗಳಿದ್ದವು. ಅಲ್ಲಿನ ದೈಹಿಕ ಶಿಕ್ಷಣ ವಿಭಾಗದ ಲೂಥರ್ ಗುಲಿಕ್ ದೇಹ, ಮನಸ್ಸು, ಆತ್ಮ ಎಂಬ ಮೂರನ್ನು ಸೂಚಿಸುವ ತ್ರಿಕೋನ ಲಾಂಛನವನ್ನು ರೂಪಿಸಿದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರಚಿಸುವಂತೆ ಅವರು ಸೂಚಿಸಿದ ಮೇರೆಗೆ, ಶಿಕ್ಷಕರಾಗಿದ್ದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. ಅದೇ ಶಾಲೆಯಲ್ಲಿ ಕಲಿತು ಹೋಲಿಯೋಕ್ ಸಂಘದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದ ವಿಲಿಯಂ ಮಾರ್ಗನ್ 1895ರಲ್ಲಿ ವಾಲಿಬಾಲ್ ಆಟವನ್ನು ರೂಪಿಸಿದರು. ಈ ಎರಡೂ ಆಟಗಳು ಸಂಘದ ಸಂಬಳದ ಸಿಬ್ಬಂದಿ ತಮ್ಮ ದಿನನಿತ್ಯದ ಕೆಲಸದ ಅಗತ್ಯಕ್ಕಾಗಿ ಕಂಡುಕೊಂಡವು.

ಅಧಿಕಾರ ಹಂಚಿಕೆ

ಸಾಮಾನ್ಯವಾಗಿ ಒಂದು ಸ್ಥಳೀಯ ಸಂಘದಲ್ಲಿ ಹೊಣೆಗಳು ಹೀಗೆ ಹಂಚಿಕೆಯಾಗಿರುತ್ತವೆ:

ಸರ್ವಸದಸ್ಯರ ಸಭೆ: ಮತದಾನದ ಹಕ್ಕುಳ್ಳ ಸದಸ್ಯರು ವರ್ಷಕ್ಕೊಮ್ಮೆ ಸೇರಿ ಆಡಳಿತ ಮಂಡಳಿಯನ್ನು ಆರಿಸುತ್ತಾರೆ, ವಾರ್ಷಿಕ ವರದಿ ಮತ್ತು ಲೆಕ್ಕಪತ್ರಗಳನ್ನು ಅಂಗೀಕರಿಸುತ್ತಾರೆ.

ಆಡಳಿತ ಮಂಡಳಿ: ನೀತಿ, ಆಯವ್ಯಯ, ಆಸ್ತಿ ಮತ್ತು ಪ್ರಧಾನ ಕಾರ್ಯದರ್ಶಿಯ ನೇಮಕ ಇದರ ವ್ಯಾಪ್ತಿಗೆ ಸೇರುತ್ತವೆ. ಮಂಡಳಿಯ ಸದಸ್ಯರಿಗೆ ಸಂಬಳವಿಲ್ಲ.

ಅಧ್ಯಕ್ಷ ಮತ್ತು ಖಜಾಂಚಿ: ಅಧ್ಯಕ್ಷರು ಸಭೆಗಳನ್ನು ನಡೆಸುತ್ತಾರೆ, ಸಂಘವನ್ನು ಹೊರಗೆ ಪ್ರತಿನಿಧಿಸುತ್ತಾರೆ. ಖಜಾಂಚಿಯು ಜಮಾಖರ್ಚಿನ ಮೇಲ್ವಿಚಾರಣೆ ನಡೆಸುತ್ತಾರೆ.

ಪ್ರಧಾನ ಕಾರ್ಯದರ್ಶಿ: ಮಂಡಳಿಯ ತೀರ್ಮಾನಗಳನ್ನು ಜಾರಿಗೊಳಿಸುವುದು, ಸಿಬ್ಬಂದಿಯ ಮೇಲ್ವಿಚಾರಣೆ, ನಿಧಿ ಸಂಗ್ರಹ, ಸ್ವಯಂಸೇವಕರನ್ನು ಹುಡುಕಿ ತರಬೇತಿ ನೀಡುವುದು ಇವರ ಕರ್ತವ್ಯ.

ಸ್ವಯಂಸೇವಕರು: ತರಗತಿ, ಆಟ, ಶಿಬಿರಗಳನ್ನು ನಡೆಸುವವರಲ್ಲಿ ಹೆಚ್ಚಿನವರು ಇವರೇ.

ಕಾರ್ಯದರ್ಶಿಯು ತಾನೇ ಎಲ್ಲವನ್ನೂ ಮಾಡದೆ, ಸದಸ್ಯರಿಂದ ಕೆಲಸ ಮಾಡಿಸಬೇಕು ಎಂಬುದು ಈ ವೃತ್ತಿಯ ಮೂಲ ತತ್ತ್ವ. ಕಾರ್ಯದರ್ಶಿ ಹೆಚ್ಚು ದುಡಿದಷ್ಟೂ ಸದಸ್ಯರು ಹಿಂದೆ ಸರಿಯುವ ಸಂಭವವಿದೆ. ಕೊನೆಗೆ ಸಂಘವು ಸದಸ್ಯರದ್ದಾಗಿ ಉಳಿಯದೆ, ಸಿಬ್ಬಂದಿ ಸೇವೆ ಒದಗಿಸುವ ಕಚೇರಿಯಾಗಿ ಮಾರ್ಪಡುತ್ತದೆ.

ನಾಯಕತ್ವಕ್ಕೆ ಯಾರು ಅರ್ಹರು ಎಂಬ ಪ್ರಶ್ನೆಯೂ ಮುಖ್ಯವಾಗಿತ್ತು. 1869ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಉತ್ತರ ಅಮೆರಿಕದ ಸಮಾವೇಶವು ಮತದಾನ ಮತ್ತು ಅಧಿಕಾರ ಸ್ಥಾನಗಳನ್ನು ಸುವಾರ್ತಾ ಪ್ರೊಟೆಸ್ಟಂಟ್ ಸಭೆಗಳ ಸದಸ್ಯರಿಗೆ ಮೀಸಲಿಟ್ಟಿತು. ಉಳಿದವರು ಸಹಸದಸ್ಯರಾಗಿ ಸೌಲಭ್ಯಗಳನ್ನು ಬಳಸಬಹುದಾಗಿತ್ತು. ಸೌಲಭ್ಯ ಎಲ್ಲರಿಗೆ, ಆಡಳಿತ ಕೆಲವರಿಗೆ ಎಂಬ ಈ ವಿಭಜನೆ ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳಲ್ಲಿ ಸಡಿಲಗೊಂಡಿತು.

ವರ್ಣಭೇದ ಮತ್ತು ನಾಯಕತ್ವ

ಅಮೆರಿಕದಲ್ಲಿ ಬಿಳಿಯರ ಸಂಘಗಳು ಕಪ್ಪು ಯುವಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಆಂಟನಿ ಬೋವೆನ್ 1853ರಲ್ಲಿ ವಾಷಿಂಗ್ಟನ್ ನಗರದಲ್ಲಿ ಕಪ್ಪು ಜನರಿಗಾಗಿ ಮೊದಲ ಸಂಘವನ್ನು ಕಟ್ಟಿದರು. ಆದರೆ ಸಂಬಳ ನೀಡುವಷ್ಟು ಹಣವಿಲ್ಲದ ಇಂಥ ಸಂಘಗಳು ಬಹುಕಾಲ ಸ್ವಯಂಸೇವಕರ ಬಲದಿಂದಲೇ ನಡೆಯಬೇಕಾಯಿತು. 1888ರಲ್ಲಿ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ ನೇಮಕಗೊಂಡ ವಿಲಿಯಂ ಹಂಟನ್ ಪೂರ್ಣಾವಧಿಯ ಮೊದಲ ಕಪ್ಪು ಕಾರ್ಯದರ್ಶಿ. ಪ್ರತ್ಯೇಕ ಸಂಘಗಳ ವ್ಯವಸ್ಥೆ ತಾರತಮ್ಯದ ಫಲವಾಗಿದ್ದರೂ, ಬೇರೆಡೆ ಅವಕಾಶ ಸಿಗದಿದ್ದ ಕಪ್ಪು ಸಮುದಾಯದ ಯುವಕರಿಗೆ ಆಡಳಿತ, ಹಣಕಾಸು ಮತ್ತು ಸಾರ್ವಜನಿಕ ಕಾರ್ಯಗಳಲ್ಲಿ ಅನುಭವ ಒದಗಿಸಿದ ಕೆಲವೇ ಕ್ಷೇತ್ರಗಳಲ್ಲಿ ಇದೂ ಒಂದಾಗಿತ್ತು.

ಭಾರತದಲ್ಲಿ

ವಿದೇಶಿ ಕಾರ್ಯದರ್ಶಿಗಳು

ಭಾರತದಲ್ಲಿ ಸಂಘದ ಚಟುವಟಿಕೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಕಾರ್ಯದರ್ಶಿ ಪದ್ಧತಿ ಬೇರೂರಿದ್ದು ಅಮೆರಿಕದ ಡೇವಿಡ್ ಮೆಕಾನಹಿ ಮದರಾಸಿಗೆ ಬಂದು 1890ರಲ್ಲಿ ಅಲ್ಲಿ ಸಂಘವನ್ನು ಆರಂಭಿಸಿದ ನಂತರ. 1891ರಲ್ಲಿ ರಾಷ್ಟ್ರೀಯ ಒಕ್ಕೂಟ ರಚನೆಯಾಯಿತು. ವಿದೇಶಗಳಿಂದ ಬಂದ ಕಾರ್ಯದರ್ಶಿಗಳ ಸಂಬಳವನ್ನು ಅವರವರ ದೇಶದ ಸಂಘಗಳು ಮತ್ತು ದಾನಿಗಳು ಭರಿಸುತ್ತಿದ್ದರು. 1896ರಲ್ಲಿ ಬಂದ ಶೆರ್‌ವುಡ್ ಎಡ್ಡಿ ಸ್ವಂತ ಆಸ್ತಿಯ ಆದಾಯದಿಂದ ಬದುಕು ಸಾಗಿಸಿ ಸಂಬಳವಿಲ್ಲದೆ ದುಡಿದರು.

ಈ ವ್ಯವಸ್ಥೆಯಿಂದ ಸ್ಥಳೀಯ ಸಂಘಕ್ಕೆ ಖರ್ಚಿಲ್ಲದೆ ತರಬೇತಿ ಪಡೆದ ಅಧಿಕಾರಿ ದೊರೆಯುತ್ತಿದ್ದರು. ಆದರೆ ಸಂಬಳ ಕೊಡುವವರು ಸಾಗರದಾಚೆ ಇದ್ದಾಗ ಕಾರ್ಯದರ್ಶಿಯು ಸ್ಥಳೀಯ ಮಂಡಳಿಗೆ ಎಷ್ಟರಮಟ್ಟಿಗೆ ಉತ್ತರದಾಯಿ ಎಂಬ ಪ್ರಶ್ನೆ ಉಳಿಯಿತು. ವಿದೇಶಿ ಮತ್ತು ಭಾರತೀಯ ಸಹೋದ್ಯೋಗಿಗಳ ಸಂಬಳದ ಅಂತರವೂ ಅಸಮಾಧಾನಕ್ಕೆ ಎಡೆಮಾಡಿತು.

ಭಾರತೀಯ ನಾಯಕತ್ವ

ಈ ಹುದ್ದೆಯು ಭಾರತೀಯ ಕ್ರೈಸ್ತ ನಾಯಕರ ತರಬೇತಿ ಭೂಮಿಯೂ ಆಯಿತು. ತಿರುನೆಲ್ವೇಲಿ ಪ್ರದೇಶದ ವಿ. ಎಸ್. ಅಜರಯ್ಯ 1895ರಿಂದ 1909ರವರೆಗೆ ಸಂಘದ ಕಾರ್ಯದರ್ಶಿಯಾಗಿದ್ದರು. ಭಾರತೀಯರ ಹಣ ಮತ್ತು ಭಾರತೀಯರ ಆಡಳಿತದಿಂದ ನಡೆಯುವ ರಾಷ್ಟ್ರೀಯ ಮಿಷನರಿ ಸಂಘದ ಸ್ಥಾಪನೆಯಲ್ಲಿ (1905) ಅವರು ಪ್ರಮುಖ ಪಾತ್ರ ವಹಿಸಿದರು. 1910ರ ಎಡಿನ್‌ಬರೋ ಸಮ್ಮೇಳನದಲ್ಲಿ, ವಿದೇಶಿ ಮಿಷನರಿಗಳು ಭಾರತೀಯ ಸಹೋದ್ಯೋಗಿಗಳನ್ನು ಅಧೀನರಂತಲ್ಲದೆ ಸ್ನೇಹಿತರಂತೆ ಕಾಣಬೇಕೆಂದು ಬಹಿರಂಗವಾಗಿ ಹೇಳಿದರು. 1912ರಲ್ಲಿ ದೋರ್ನಕಲ್‌ನ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯ ಅವರು.

ಸೇಲಂನಲ್ಲಿ ಜನಿಸಿದ ಕೆ. ಟಿ. ಪಾಲ್ (1876–1931) ಅವರು 1916ರಲ್ಲಿ ಭಾರತೀಯ ಸಂಘಗಳ ರಾಷ್ಟ್ರೀಯ ಮಂಡಳಿಯ ಪ್ರಧಾನ ಕಾರ್ಯದರ್ಶಿಯಾದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ ಅವರೇ. ನಗರಗಳ ವಿದ್ಯಾವಂತ ಯುವಕರಿಗೆ ಸೀಮಿತವಾಗಿದ್ದ ಚಟುವಟಿಕೆಯನ್ನು ಅವರು ಹಳ್ಳಿಗಳಿಗೆ ವಿಸ್ತರಿಸಿ, ಸಹಕಾರ ಸಂಘಗಳು ಹಾಗೂ ಗ್ರಾಮೀಣ ಸಾಲಕ್ಕೆ ಒತ್ತು ನೀಡಿದರು. ಗ್ರಾಮ ಕಾರ್ಯದರ್ಶಿ ಎಂಬ ಹೊಸ ಬಗೆಯ ಸಿಬ್ಬಂದಿ ಇದರಿಂದ ರೂಪುಗೊಂಡರು. ತಿರುವಾಂಕೂರಿನ ಮಾರ್ತಾಂಡಂನಲ್ಲಿ ಸ್ಪೆನ್ಸರ್ ಹ್ಯಾಚ್ 1920ರ ದಶಕದಲ್ಲಿ ಬೆಳೆಸಿದ ಗ್ರಾಮ ಪುನರ್‌ರಚನಾ ಕೇಂದ್ರವು ಜೇನು ಸಾಕಣೆ, ಕೋಳಿ ಸಾಕಣೆ ಮೊದಲಾದ ಉಪಕಸುಬುಗಳಿಗೆ ಹೆಸರಾಯಿತು. ಪಾಲ್ ಅವರು ಭಾರತೀಯ ಕ್ರೈಸ್ತರ ಪ್ರತಿನಿಧಿಯಾಗಿ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿಯೂ ಭಾಗವಹಿಸಿದ್ದರು.

ಭಾರತದ ಸಂಘಗಳ ವಸತಿನಿಲಯ, ವಾಚನಾಲಯ, ಆಟದ ಮೈದಾನಗಳನ್ನು ಬಳಸುತ್ತಿದ್ದವರಲ್ಲಿ ಕ್ರೈಸ್ತೇತರರು ಬಹಳಷ್ಟಿದ್ದರು. ಆದ್ದರಿಂದ ಧರ್ಮ ಬೋಧನೆ ಮತ್ತು ಸಾರ್ವಜನಿಕ ಸೇವೆಗಳ ನಡುವಿನ ಗೆರೆಯನ್ನು ಪ್ರತಿದಿನ ಗುರುತಿಸುವ ಹೊಣೆಯೂ ಕಾರ್ಯದರ್ಶಿಗೆ ಬಂದಿತು.

ದೈಹಿಕ ಶಿಕ್ಷಣ ಮತ್ತು ಕರ್ನಾಟಕದ ನಂಟು

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತರಬೇತಿ ಪಡೆದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ತರಬೇತಿ ಶಾಲೆಯನ್ನು ಆರಂಭಿಸಿದರು. ಅದೇ ಇಂದಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು. 1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡಾಕೂಟಕ್ಕೆ ತೆರಳಿದ ಭಾರತ ತಂಡದ ವ್ಯವಸ್ಥಾಪಕರೂ ಅವರೇ ಆಗಿದ್ದರು. ಈ ಕಾಲೇಜಿನಲ್ಲಿ ಕಲಿತ ದೈಹಿಕ ಶಿಕ್ಷಕರು ದಕ್ಷಿಣ ಭಾರತದ ಶಾಲಾ ಕಾಲೇಜುಗಳಲ್ಲಿ ಕೆಲಸ ಮಾಡಿದರು.

ಬೆಂಗಳೂರಿನೊಂದಿಗೆ ಇನ್ನೊಂದು ನಂಟಿದೆ. ಮದರಾಸಿನಲ್ಲಿ ಸಂಘದ ಕಾರ್ಯದಲ್ಲಿ ತೊಡಗಿದ್ದ ಡೆನ್ಮಾರ್ಕಿನ ಮಿಷನರಿ ಎಲ್. ಪಿ. ಲಾರ್ಸೆನ್ ಅವರು, 1910ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾದರು. ನಗರದ ನೃಪತುಂಗ ರಸ್ತೆಯಲ್ಲಿ ವೈ.ಎಂ.ಸಿ.ಎ. ಕೇಂದ್ರವಿದೆ.

ಸಣ್ಣ ಸಂಘಗಳ ಸಿಬ್ಬಂದಿ ವ್ಯವಸ್ಥೆ

ದೊಡ್ಡ ನಗರಗಳ ಸಂಘಗಳಿಗೆ ವಸತಿನಿಲಯದ ಬಾಡಿಗೆ, ವ್ಯಾಯಾಮಶಾಲೆಯ ಶುಲ್ಕ ಮೊದಲಾದ ಆದಾಯಗಳಿರುತ್ತವೆ. ಸಣ್ಣ ಊರಿನ ಸಂಘಕ್ಕೆ ಚಂದಾ ಮತ್ತು ದೇಣಿಗೆಗಳೇ ಆಧಾರ. ಅಲ್ಲಿ ಸಂಬಳದ ಕಾರ್ಯದರ್ಶಿ ಇಲ್ಲದೆ, ಬೇರೆ ಉದ್ಯೋಗದಲ್ಲಿರುವ ಸದಸ್ಯರೊಬ್ಬರು ಗೌರವ ಕಾರ್ಯದರ್ಶಿಯಾಗಿರುತ್ತಾರೆ. ಸ್ವಲ್ಪ ಬೆಳೆದ ಸಂಘದಲ್ಲಿ ಒಬ್ಬ ಕಾರ್ಯದರ್ಶಿ, ಲೆಕ್ಕ ಬರೆಯುವ ಅರೆಕಾಲಿಕ ಗುಮಾಸ್ತ, ಕಾವಲುಗಾರ ಇರಬಹುದು. ವಸತಿನಿಲಯವಿದ್ದರೆ ವಾರ್ಡನ್ ಮತ್ತು ಅಡುಗೆಯವರು ಸೇರುತ್ತಾರೆ.

ಮೊದಲ ಸಂಬಳದ ನೇಮಕವು ಇಂಥ ಸಂಘಗಳಲ್ಲಿ ಕಠಿಣವಾದ ಹಂತ. ಒಂದು ವರ್ಷದ ದೇಣಿಗೆಯ ಬಲದಿಂದ ನೇಮಿಸಿಕೊಂಡ ವ್ಯಕ್ತಿಗೆ ಮುಂದಿನ ವರ್ಷವೂ ಸಂಬಳ ನೀಡಬೇಕಾಗುತ್ತದೆ. ಕಾರ್ಯಕ್ರಮ ನಡೆಸಲೆಂದು ನೇಮಕಗೊಂಡವರು ತಮ್ಮ ಸಂಬಳಕ್ಕೆ ಬೇಕಾದ ಹಣ ಸಂಗ್ರಹಿಸುವುದರಲ್ಲಿಯೇ ಸಮಯ ಕಳೆಯುವಂತಾದರೆ ನೇಮಕದ ಉದ್ದೇಶ ವಿಫಲವಾಗುತ್ತದೆ.

ಕಾನೂನು ಹೊಣೆಗಳು ಸಣ್ಣ ಸಂಘಕ್ಕೂ ತಪ್ಪಿದ್ದಲ್ಲ. ಕರ್ನಾಟಕದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಣಿಯಾಗುತ್ತವೆ. ವಾರ್ಷಿಕ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. 10 ಅಥವಾ ಹೆಚ್ಚು ನೌಕರರಿದ್ದಲ್ಲಿ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಮಾಹಿತಿ ತಿಳಿದುಬಂದಲ್ಲಿ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಸಿಬ್ಬಂದಿಯಾಗಲಿ ಸ್ವಯಂಸೇವಕರಾಗಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ; ಸಂಘದೊಳಗೇ ವಿಚಾರಿಸಿ ಮುಗಿಸುವಂತಿಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲನ್ನು 2020ರ ತಿದ್ದುಪಡಿ ಶೇಕಡಾ 50ರಿಂದ 20ಕ್ಕೆ ಇಳಿಸಿತು. ಕಚೇರಿ ಸಿಬ್ಬಂದಿಯ ಸಂಬಳಕ್ಕೆ ಅಂಥ ದೇಣಿಗೆಯನ್ನು ಅವಲಂಬಿಸಿದ್ದ ಸಂಸ್ಥೆಗಳ ಮೇಲೆ ಇದು ನೇರ ಪರಿಣಾಮ ಬೀರಿತು.

ಸಮಸ್ಯೆಗಳು

ಒಬ್ಬ ವ್ಯಕ್ತಿಯ ಮೇಲಿನ ಅವಲಂಬನೆ ಈ ವ್ಯವಸ್ಥೆಯ ಪ್ರಮುಖ ಸಮಸ್ಯೆ. ದಾನಿಗಳ ಪರಿಚಯ, ಹಳೆಯ ಕಡತಗಳ ತಿಳಿವಳಿಕೆ, ಯುವಕರ ವಿಶ್ವಾಸ ಎಲ್ಲವೂ ಕಾರ್ಯದರ್ಶಿಯೊಬ್ಬರಲ್ಲಿ ಕೇಂದ್ರೀಕೃತವಾದರೆ, ಅವರು ಹುದ್ದೆ ಬಿಟ್ಟ ದಿನ ಸಂಘವು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಮಂಡಳಿಯ ಸದಸ್ಯರು ಬದಲಾಗುತ್ತಿದ್ದು ಕಾರ್ಯದರ್ಶಿ ಮಾತ್ರ ಉಳಿಯುವುದರಿಂದ, ಮೇಲ್ವಿಚಾರಣೆ ನಾಮಮಾತ್ರವಾಗುವ ಅಪಾಯವೂ ಇದೆ. ಇದಕ್ಕೆ ಪ್ರತಿಯಾಗಿ, ಮಂಡಳಿಯ ಸದಸ್ಯರು ಸಿಬ್ಬಂದಿಗೆ ನೇರವಾಗಿ ಆದೇಶ ನೀಡತೊಡಗಿದರೆ ಕಾರ್ಯದರ್ಶಿಯ ಸ್ಥಾನ ದುರ್ಬಲವಾಗುತ್ತದೆ. ಯುವಕರಿಗಾಗಿ ಇರುವ ಸಂಸ್ಥೆಯ ಮಂಡಳಿಯಲ್ಲಿ ವಯಸ್ಸಾದವರೇ ಮುಂದುವರಿಯುವುದು ಮತ್ತೊಂದು ಟೀಕೆ.

ಈ ಕಾರಣಗಳಿಂದ ಪದಾಧಿಕಾರಿಗಳ ಅವಧಿಗೆ ಮಿತಿ, ಲಿಖಿತ ಕರ್ತವ್ಯಪಟ್ಟಿ, ಚೆಕ್ಕುಗಳಿಗೆ ಇಬ್ಬರ ಸಹಿ, ಹೊರಗಿನ ಲೆಕ್ಕಪರಿಶೋಧನೆ ಮತ್ತು ಮಂಡಳಿಯಲ್ಲಿ ಯುವಜನರಿಗೆ ನಿಗದಿತ ಸ್ಥಾನಗಳು ಎಂಬ ಕ್ರಮಗಳನ್ನು ಸಂಘಗಳು ತಮ್ಮ ಉಪನಿಯಮಗಳಲ್ಲಿ ಅಳವಡಿಸಿಕೊಳ್ಳುತ್ತವೆ.

ಇತ್ತೀಚಿನ ಬದಲಾವಣೆಗಳು

ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಕಾರ್ಯದರ್ಶಿ ಎಂಬ ಹೆಸರು ಹಿಂದೆ ಸರಿದು, ಕಾರ್ಯನಿರ್ವಾಹಕ ನಿರ್ದೇಶಕ ಅಥವಾ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಭಾರತದಲ್ಲಿ ಪ್ರಧಾನ ಕಾರ್ಯದರ್ಶಿ ಎಂಬ ಹೆಸರೇ ಉಳಿದಿದೆ. ಪುರುಷರಿಗೆ ಮೀಸಲಾಗಿದ್ದ ಹುದ್ದೆಗೆ ಇಪ್ಪತ್ತನೆಯ ಶತಮಾನದಲ್ಲಿ ಮಹಿಳೆಯರೂ ಬಂದಿದ್ದಾರೆ. ಯುವತಿಯರಿಗಾಗಿ 1855ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ವೈ.ಡಬ್ಲ್ಯು.ಸಿ.ಎ. ಪ್ರತ್ಯೇಕ ಸಂಸ್ಥೆಯಾಗಿದ್ದು, ತನ್ನದೇ ಆದ ಮಹಿಳಾ ಕಾರ್ಯದರ್ಶಿಗಳ ಪರಂಪರೆಯನ್ನು ಹೊಂದಿದೆ.